ಹತ್ತಿರ ಬಂದ ಜೇಬುಗಳು

ನನ್ನ ಸೊಂಟದ ಸುತ್ತಳತೆಯ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ, ವೃತ್ತಿಯಲ್ಲಿ ದರ್ಜಿ. ಹುಟ್ಟಿದಾಗಿನಿಂದ ನನ್ನ ಮೈಮೇಲಿನ ಬಟ್ಟೆಯೆಲ್ಲ ಅವರದೇ ಹೊಲಿಗೆ. ನಾನು ಯಾವಾಗ ಓಡಾಡುವುದು ಬಿಟ್ಟೆ, ಯಾವಾಗ ನೌಕರಿ ಸಿಕ್ಕಿ ಕುರ್ಚಿಗೆ ಅಂಟಿಕೊಂಡೆ ಎಂಬುದೆಲ್ಲ ಅವರ ಟೇಪಿಗೆ ಗೊತ್ತು. ನನ್ನನ್ನು ಅವರು ಕರೆಯುವುದು ದಿಂಬು ಎಂದು. ಪ್ರೀತಿಯಿಂದ ಕರೆಯುತ್ತಾರೆ ಎಂದು ತಿಳಿದುಕೊಂಡಿದ್ದೇನೆ. ಬೇರೆ ಯಾವ ರೀತಿ ತಿಳಿದುಕೊಂಡರೂ ನಷ್ಟ ನನಗೇ.

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಕೀಲಿ ಮಾಡುವವನಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಅವರ ಅಂಗಡಿ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಒಂದು ಮೆಷಿನ್, ಬಟ್ಟೆ ಕತ್ತರಿಸುವ ಉದ್ದನೆ ಮೇಜು, ಮೇಜಿನ ಕೆಳಗೆ ತುಂಡುಬಟ್ಟೆ ತುಂಬಿದ ಚೀಲ, ಒಂದು ಪರದೆ, ಪರದೆಯ ಹಿಂದೆ ಮೊಣಕಾಲಿನವರೆಗೆ ಮಾತ್ರ ತೋರಿಸುವ ಕನ್ನಡಿ.

ಪ್ಯಾಂಟು ಹೊಲಿಯುವವರೆಲ್ಲ ಹಿಂಬದಿಯ ನಡುಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಹೆಚ್ಚಿಗೆ ಬಿಡುತ್ತಾರೆ, ನಾಳೆ ಹೊಟ್ಟೆ ಬಂದರೆ ಬಿಚ್ಚಿ ಸಡಿಲ ಮಾಡಲಿಕ್ಕೆ. ಮಾರ್ಜಿನ್ ಎನ್ನುತ್ತಾರೆ. ಎಷ್ಟು ಮಾರ್ಜಿನ್ ಬಿಡಬೇಕು ಎಂಬುದನ್ನು ಮಾವ ಗಿರಾಕಿಯ ಹೊಟ್ಟೆ ನೋಡಿ ತೀರ್ಮಾನಿಸುವುದಿಲ್ಲ, ಗಿರಾಕಿಯ ಅಪ್ಪನ ಹೊಟ್ಟೆಯನ್ನು ವಿಚಾರಿಸಿ ತೀರ್ಮಾನಿಸುತ್ತಾರೆ. ಟೇಪು ಸುತ್ತುತ್ತಲೇ, “ತಂದೆಯವರು ಹೇಗಿದಾರೆ? ಈಗ ತೆಳ್ಳಗಾಗಿದಾರೋ, ಮೊದಲಿನ ಹಾಗೇನೋ?” ಎಂದು ಕೇಳುತ್ತಾರೆ. ಪಾಪ, ಗಿರಾಕಿ ಅದನ್ನು ಕುಶಲಪ್ರಶ್ನೆ ಎಂದುಕೊಳ್ಳುತ್ತಾನೆ. “ಏನ್ ಹೇಳೋದು, ದಪ್ಪ ಆಗ್ತಾನೇ ಇದಾರೆ, ಮಾತು ಕೇಳಲ್ಲ,” ಎನ್ನುತ್ತಾನೆ. ಮಾವ ತಲೆಯಾಡಿಸುತ್ತಾ ಸೀಮೆಸುಣ್ಣದ ಗೆರೆಯನ್ನು ಒಂದು ಬೆರಳಿನಷ್ಟು ಆಚೆ ಎಳೆಯುತ್ತಾರೆ.

“ಅಂದ್ರೆ ಎಲ್ಲಾ ರಕ್ತದಲ್ಲೇ ಬರೋದು ಅಂತಾಯ್ತಲ್ಲ ಮಾವ,” ಎಂದು ನಾನೊಮ್ಮೆ ಆಸೆಯಿಂದ ಕೇಳಿದ್ದೆ.

“ಗಿರಾಕಿಗೆ ಹಾಗೆ. ಗಿರಾಕಿ ಬಾಯಿ ನನ್ನ ಕೈಲಿದೆಯೇನೋ? ನನ್ನ ಬಾಯಿ ನನ್ನ ಕೈಲಿದೆ. ನನಗೆ ಮಾರ್ಜಿನ್ ಬೇಕಾಗಿಲ್ಲ.”

ನಾನು ರಕ್ತದ ಪಕ್ಷದವನು. ಆ ಪಕ್ಷದಲ್ಲಿ ಕೆಲಸ ಕಡಿಮೆ. ನನ್ನ ಹೊಟ್ಟೆಗೆ ತಾತ ಕಾರಣ, ಮೆಟ್ಟಿಲು ಹತ್ತುವಾಗಿನ ನನ್ನ ಏದುಸಿರಿಗೆ ಅಪ್ಪನ ಕಡೆಯವರು ಕಾರಣ, ನಾನು ಕಾರಣವಾಗುವಂಥದ್ದು ಏನೂ ಉಳಿಯುವುದಿಲ್ಲ. ನನ್ನ ನೌಕರಿಯೂ ಇದಕ್ಕೆ ತಕ್ಕಂತೆ ಇದೆ. ಆರೋಗ್ಯ ವಿಮೆ ಮಾರುವ ಒಂದು ಕಂಪನಿಯ ಫೋನು ಕೋಣೆಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂರುವುದು, ಗುರುತಿಲ್ಲದವರಿಗೆ ಫೋನು ಹಚ್ಚಿ, “ತಮ್ಮ ಕುಟುಂಬದಲ್ಲಿ ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಸಕ್ಕರೆ ಕಾಯಿಲೆ ಇದೆಯೇ?” ಎಂದು ಕೇಳುವುದು. ಕೇಳುವಾಗ ಒಂದು ಕೈಯಲ್ಲಿ ಬಿಸ್ಕತ್ತು ಇರುತ್ತದೆ. ಕಡಿಯುವ ಸದ್ದು ಆ ಕಡೆ ಕೇಳಿಸಬಾರದೆಂದು ಚಹಾದಲ್ಲಿ ಅದ್ದಿಕೊಳ್ಳುವ ಉಪಾಯವನ್ನು ನಾನೇ ಕಂಡುಹಿಡಿದೆ.

ಮಾವನ ಹಠಕ್ಕೆ ಕಾರಣ ಅವರ ಅಪ್ಪ, ನನ್ನ ತಾತ. ಅವರೂ ದರ್ಜಿಯೇ, ಅದೇ ಅಂಗಡಿ, ಅದೇ ಮೇಜು. ಮೆಷಿನ್ನಿಗೆ ಕೂತರೆ ಹೊಟ್ಟೆ ಚಕ್ರಕ್ಕೆ ತಾಗುತ್ತಿತ್ತಂತೆ. ಸಕ್ಕರೆ ಕಾಯಿಲೆ ಯಾವಾಗ ಬಂತೆಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ನಲವತ್ತು ದಾಟುತ್ತಿದ್ದಂತೆ ಸೂಜಿಯ ಕಣ್ಣು ಕಾಣದೆ ಹೋದಾಗ. ಶಾಲೆಗೆ ಹೋಗುವ ಮೊದಲು ಮಾವ ಒಂದು ಸಾಲು ಸೂಜಿಗಳಿಗೆ ದಾರ ಪೋಣಿಸಿ ಗೋಡೆಗೆ ಇಳಿಬಿಟ್ಟ ಬಟ್ಟೆಗೆ ಚುಚ್ಚಿಟ್ಟು ಹೋಗುತ್ತಿದ್ದರು. ಸಂಜೆ ಬರುವಾಗ ಸೂಜಿಗಳೆಲ್ಲ ಖಾಲಿಯಾಗಿರುತ್ತಿದ್ದವು. ಒಂದು ಸಂಜೆ ಬಂದಾಗ ಎಲ್ಲವೂ ದಾರದ ಸಮೇತ ಹಾಗೇ ಇದ್ದವು. ತಾತ ಮೇಜಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು.

ಅಂದಿನಿಂದ ಮಾವ ಸಿಹಿ ಮುಟ್ಟಲಿಲ್ಲ. ಚಹಾಕ್ಕೆ ಸಕ್ಕರೆ ಇಲ್ಲ, ಅಂಗಡಿಗೆ ನಡೆದೇ ಹೋಗುವುದು, ರಾತ್ರಿ ಅರ್ಧ ಹೊಟ್ಟೆ. ಪ್ರತಿ ಭಾನುವಾರ ಬೆಳಿಗ್ಗೆ ಟೇಪನ್ನು ತಮ್ಮದೇ ಸೊಂಟಕ್ಕೆ ಸುತ್ತಿ ನೋಡುವುದು. ಅಪ್ಪನ ಅಳತೆ ಬರಬಾರದು, ಅಷ್ಟೇ. ಬರಲಿಲ್ಲ. ಐವತ್ತೈದು ದಾಟಿದರೂ ಅವರ ಬೆನ್ನು ಅಳತೆಕೋಲಿನ ಹಾಗೆ ನೆಟ್ಟಗಿತ್ತು.

ನನ್ನ ಅಮ್ಮ ಅವರ ಅಕ್ಕ. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಬೆಳಿಗ್ಗೆ ಮಾತ್ರೆ ನುಂಗುತ್ತಾಳೆ, ಮಧ್ಯಾಹ್ನ ಮಾತ್ರೆಯ ಧೈರ್ಯದ ಮೇಲೆ ಬಿಸ್ಕತ್ತು ತಿನ್ನುತ್ತಾಳೆ. ಮಾವ ನಮ್ಮ ಮನೆಗೆ ಬಂದಾಗಲೆಲ್ಲ ಅಡುಗೆಮನೆಯಲ್ಲಿ ಇದೇ ಜಗಳ.

“ನಿಂದು ಕಾಯಿಲೆ ಅಲ್ಲ ಅಕ್ಕ, ನಾಲಿಗೆ ಚಪಲ.”

“ಅಪ್ಪ ಬಿಟ್ಟುಹೋದ ಆಸ್ತಿ ಕಣೋ ಇದು. ನಿನ್ನ ಪಾಲು ನೀನು ಬೇಡ ಅಂದೆ, ಎಲ್ಲಾ ನನಗೇ ಬಂತು.”

“ಅಪ್ಪನ ಮೇಲೆ ಹಾಕಬೇಡ. ನಾನೂ ಅದೇ ಅಪ್ಪನ ಮಗ. ನನಗ್ಯಾಕೆ ಬರಲಿಲ್ಲ? ಬಾಯಿಗೆ ಹೊಲಿಗೆ ಹಾಕ್ಕೊಂಡೆ, ಬರಲಿಲ್ಲ.”

“ಬಾಯಿಗೆ ಹೊಲಿಗೆ ಹಾಕ್ಕೊಂಡವನು ಇಷ್ಟು ಮಾತಾಡ್ತೀಯಲ್ಲೋ!”

ನಾನು ನಡುವೆ ಕೂತು ಅಮ್ಮ ಬಿಟ್ಟ ಬಿಸ್ಕತ್ತು ಮುಗಿಸುತ್ತಿದ್ದೆ. ಅಮ್ಮ ನಗುತ್ತಿದ್ದಳು. ಆದರೆ ಮಾವ ಹೋದ ಮೇಲೆ ಡಬ್ಬಿಯ ಮುಚ್ಚಳವನ್ನು ಅಷ್ಟು ಜೋರಾಗಿ ಯಾಕೆ ಒತ್ತುತ್ತಾಳೆ ಎಂದು ನಾನು ಯೋಚಿಸಿದವನಲ್ಲ.

ಹೋದ ವರ್ಷ ಬಿಸಿಲುಗಾಲದಲ್ಲಿ ಮಾವನ ಸೊಂಟ ಇಳಿಯತೊಡಗಿತು. ಭಾನುವಾರದಿಂದ ಭಾನುವಾರಕ್ಕೆ ಟೇಪು ಕಡಿಮೆ ತೋರಿಸುತ್ತಿತ್ತು. ಮಾವನಿಗೆ ಕುಣಿದಾಡುವಷ್ಟು ಖುಷಿ. ತಮ್ಮ ಕಪ್ಪು ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ, ಸೊಂಟ ಬಿಗಿಯಾಗುವಂತೆ ಬಟ್ಟೆಯನ್ನು ಒಳಗೆ ಹಿಡಿಸಿದರು. ಸ್ವಲ್ಪ ದಿನ ಬಿಟ್ಟು ಮತ್ತೆ ಹಿಡಿಸಿದರು. ಹೀಗೆ ಎರಡು ಸಲ ಹಿಡಿಸಿದ ಮೇಲೆ ಪ್ಯಾಂಟಿನ ಹಿಂಬದಿಯ ಎರಡು ಜೇಬುಗಳು ಗುಟ್ಟು ಮಾತಾಡುವವರ ಹಾಗೆ ಹತ್ತಿರ ಬಂದುಬಿಟ್ಟವು. ಗಿರಾಕಿಯ ಪ್ಯಾಂಟಾಗಿದ್ದರೆ ಹಾಗೆ ಬಿಡುತ್ತಿರಲಿಲ್ಲ, ಜೇಬು ಬಿಚ್ಚಿ ದೂರ ಹಚ್ಚುತ್ತಿದ್ದರು. ತಮ್ಮದಕ್ಕೆ ಅಷ್ಟು ತಾಳ್ಮೆ ಇರಲಿಲ್ಲ.

ಆ ದಿನ ನಾನು ಅಂಗಡಿಯಲ್ಲಿದ್ದೆ. ಅತ್ತೆ ಊಟದ ಡಬ್ಬಿ ತಂದಿದ್ದರು. ಮಾವ ಪ್ಯಾಂಟನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ, ಒಳಗೆ ಉಳಿದಿದ್ದ ಹೆಚ್ಚಿನ ಬಟ್ಟೆಯನ್ನು ನಮಗೆ ತೋರಿಸಿ, ಕತ್ತರಿ ಎತ್ತಿದರು.

“ಏನ್ರೀ ಮಾಡ್ತಿದೀರಾ?” ಅತ್ತೆ ಗಾಬರಿಯಾದರು. “ಬೇರೆಯವರ ಪ್ಯಾಂಟಿನ ಮಾರ್ಜಿನ್ ಕತ್ತರಿಸಿದ ಹುಡುಗನ್ನ ಕೆಲಸದಿಂದ ತೆಗೆದವರು ನೀವು.”

“ಇನ್ನು ಇದು ಬೇಡ ಕಣೇ. ನೋಡು, ಹುಡುಗನ ಹಾಗಾಗಿದೀನಿ. ಲೋ ದಿಂಬು, ನೋಡ್ಕೋ. ರಕ್ತ ಅಂತೆ ರಕ್ತ!”

ಕರಕರ ಕತ್ತರಿಸಿ ತುಂಡನ್ನು ಮೇಜಿನ ಕೆಳಗಿನ ಚೀಲಕ್ಕೆ ಎಸೆದರು. ನನಗೆ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಹೊಸ ಬೂಟು ಹಾಕಿಕೊಂಡು ಉದ್ಯಾನಕ್ಕೆ ಹೋದೆ. ಅಲ್ಲಿ ಒಳ್ಳೆಯ ನೆರಳಿನಲ್ಲಿ ಒಂದು ಕಲ್ಲುಬೆಂಚು ಇದೆ ಎಂದು ತಿಳಿದುಬಂತು. ನನ್ನ ವ್ಯಾಯಾಮದ ಚರಿತ್ರೆ ಅಷ್ಟೇ.

ಅತ್ತೆ ಮಾತ್ರ ಖುಷಿಪಡಲಿಲ್ಲ. “ಬಿಂದಿಗೆ ನೀರು ಕುಡೀತಾರೆ ಕಣೋ. ರಾತ್ರಿಯೆಲ್ಲ ಎದ್ದು ಹೋಗ್ತಾರೆ. ಕೇಳಿದ್ರೆ ಬಿಸಿಲು ಅಂತಾರೆ, ನಡಿಗೆ ಅಂತಾರೆ,” ಎಂದು ನನ್ನ ಹತ್ತಿರ ಹೇಳಿದರು. ನಾನು ಕುಟುಂಬದ ಆರೋಗ್ಯವನ್ನು ವಿಚಾರಿಸುವುದಕ್ಕೇ ಸಂಬಳ ತೆಗೆದುಕೊಳ್ಳುವವನು. “ಬಿಸಿಲು ಜಾಸ್ತಿ ಅಲ್ವಾ ಅತ್ತೆ,” ಎಂದೆ.

ಆಮೇಲೆ ವಕೀಲರ ಕೋಟು ವಾಪಸ್ ಬಂತು. ಪಕ್ಕದ ರಸ್ತೆಯ ವಕೀಲರದು, ಕಪ್ಪು ಕೋಟು. ಅವರು ಅದನ್ನು ಬೀದಿಯ ಬೆಳಕಿಗೆ ಹಿಡಿದು, “ಏನಯ್ಯಾ, ನ್ಯಾಯಾಧೀಶರ ಮುಂದೆ ನೀಲಿ ಗೆರೆ ಹಾಕ್ಕೊಂಡು ನಿಂತುಕೊಳ್ಳಲಾ?” ಎಂದರು. ತೋಳಿನ ಉದ್ದಕ್ಕೂ ಕಡುನೀಲಿ ದಾರದ ಹೊಲಿಗೆ. ಮಾವ ಕೋಟನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. “ಟ್ಯೂಬ್‌ಲೈಟ್ ಸರಿಯಿಲ್ಲ ಸಾರ್,” ಎಂದರು. ಟ್ಯೂಬ್‌ಲೈಟನ್ನು ಹಿಂದಿನ ವಾರವಷ್ಟೇ ಬದಲಿಸಿದ್ದರು. ಕನ್ನಡಕವನ್ನೂ.

ವಕೀಲರು ಹೋದ ಮೇಲೆ ಮಾವ ಹೊಲಿಗೆ ಬಿಚ್ಚಿದರು. ಬಿಚ್ಚಿ, ಸೂಜಿ ಮತ್ತು ಕಪ್ಪು ದಾರವನ್ನು ನನ್ನ ಮುಂದೆ ಹಿಡಿದು, “ಲೋ, ಇದನ್ನ ಪೋಣಿಸು ನೋಡೋಣ. ಇಡೀ ದಿನ ಕಂಪ್ಯೂಟರ್ ನೋಡ್ತೀಯಲ್ಲ, ಕಣ್ಣು ನೆಟ್ಟಗಿದೆಯೋ ಇಲ್ವೋ,” ಎಂದರು. ನಾನು ಮೊದಲ ಸಲಕ್ಕೇ ಪೋಣಿಸಿ ಬೀಗಿದೆ. ಅವರು ಅದನ್ನು ಗೋಡೆಯ ಬಟ್ಟೆಗೆ ಚುಚ್ಚಿ ಇನ್ನೊಂದು ಸೂಜಿ ಕೊಟ್ಟರು. ಆಮೇಲೆ ಇನ್ನೊಂದು. ಮೂರನೆಯದನ್ನು ಪೋಣಿಸುವಾಗ ನನ್ನ ಕೈ ನಿಂತಿತು. ಗೋಡೆಯ ಬಟ್ಟೆಗೆ ದಾರದ ಸಮೇತ ಚುಚ್ಚಿದ ಎರಡು ಸೂಜಿಗಳು ನೇತಾಡುತ್ತಿದ್ದವು. ಮಾವನೂ ಅದನ್ನೇ ನೋಡುತ್ತಿದ್ದರು. ಬಹುಶಃ ನೋಡುತ್ತಿದ್ದಾರೆ ಎಂದು ನಾನು ಅಂದುಕೊಂಡೆ.

ಏನಾದರೂ ಹೇಳಲೇಬೇಕಿತ್ತು. ನನ್ನ ಬಾಯಿಂದ ಬಂದದ್ದು ನೌಕರಿಯ ದನಿ. “ಮಾವ, ತಮ್ಮ ಕುಟುಂಬದಲ್ಲಿ ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ...”

“ಫೋನಿಡೋ!” ಎಂದು ಮಾವ ಗುಡುಗಿದರು. “ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡೋನು ನನಗೆ ಕಾಯಿಲೆ ಕಂಡುಹಿಡೀತಾನೆ. ಮೊದಲು ನಿನ್ನ ರಕ್ತ ಕೊಡು ಹೋಗು.”

ಆ ಬೈಗುಳದಲ್ಲೇ ನನಗೆ ದಾರಿ ಕಂಡಿತು. “ಭಯ ಆಗತ್ತೆ ಮಾವ. ನೀವು ಜೊತೆಗೆ ಬಂದು ಮೊದಲು ಕೊಟ್ಟರೆ ನಾನೂ ಕೊಡ್ತೀನಿ.” ಇದರಲ್ಲಿ ನಟನೆ ಎಷ್ಟು, ನಿಜ ಎಷ್ಟು ಎಂದು ಕೇಳಬೇಡಿ. ಸೂಜಿ ಎಂದರೆ ನನಗೆ ದಾರ ಪೋಣಿಸುವವರೆಗೆ ಮಾತ್ರ ಸ್ನೇಹ.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಎದುರಿನ ಚಿಕಿತ್ಸಾಲಯಕ್ಕೆ ಹೋದೆವು. ನನಗೆ ಪಾಠ ಕಲಿಸಲೆಂದು ಬಂದಿದ್ದ ಮಾವ ಅಂಗಿಯ ತೋಳು ಮಡಚಿ ಮೊದಲು ಬೆರಳು ಚಾಚಿದರು. ನರ್ಸಮ್ಮ ಚುಚ್ಚಿದಳು, ಸಕ್ಕರೆ ಅಳೆಯುವ ಯಂತ್ರ ನೋಡಿದಳು, “ಯಂತ್ರದ ಪಟ್ಟಿ ಕೆಟ್ಟಿರಬೇಕು, ಇನ್ನೊಂದು ಬೆರಳು ಕೊಡಿ,” ಎಂದಳು. ಎರಡನೆಯ ಸಲ ಯಂತ್ರವನ್ನು ಒಳಗೆ ಡಾಕ್ಟರಮ್ಮನ ಹತ್ತಿರ ತೆಗೆದುಕೊಂಡು ಹೋದಳು. ಆಮೇಲೆ ನನ್ನ ಬೆರಳು ಚುಚ್ಚಿದರು. ನನ್ನದು ಸರಿಯಾಗಿತ್ತು. ಬಿಸ್ಕತ್ತು, ಕುರ್ಚಿ, ಬೆಂಚು ಎಲ್ಲ ಸೇರಿಯೂ ಸರಿಯಾಗಿತ್ತು. ಯಾರೋ ಲಂಚ ಕೊಟ್ಟು ಪಾಸು ಮಾಡಿಸಿದ ಹಾಗೆ ನನಗೆ ತಲೆಯೆತ್ತಲು ಆಗಲಿಲ್ಲ.

ಡಾಕ್ಟರಮ್ಮ ಸುತ್ತುಬಳಸು ಮಾತಿನವರಲ್ಲ. “ತೂಕ ಇಳಿದಿದ್ದು ನಡಿಗೆಯಿಂದ ಅಲ್ಲ. ಸಕ್ಕರೆ ಮೈಗೆ ಹತ್ತದೆ ಮೂತ್ರದಲ್ಲಿ ಹೋಗ್ತಿದೆ. ಮೈ ತನ್ನನ್ನೇ ತಿಂದುಕೊಳ್ತಿದೆ. ಬಾಯಾರಿಕೆ ಅದಕ್ಕೇ, ಕಣ್ಣು ಮಂಜಾಗಿದ್ದೂ ಅದಕ್ಕೇ.”

ಮಾವ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. “ನಾನು ಎಲ್ಲಿ ತಪ್ಪು ಮಾಡಿದೆ ಹೇಳಿ,” ಎಂದರು.

“ತಂದೆಗೆ ಯಾವ ವಯಸ್ಸಲ್ಲಿ ಬಂತು?”

“ನಲವತ್ತು ದಾಟಿದಾಗ ಕಣ್ಣೇ ಹೋಯ್ತು.”

“ನಿಮಗೆ ಈಗ ಬಂದಿದೆ. ನಡುವಿನ ವರ್ಷಗಳು ನಿಮ್ಮ ಸಂಪಾದನೆ ಇರಬಹುದು. ಖಂಡಿತ ಅಂತ ಬರೆದುಕೊಡೋಕೆ ನನ್ನಿಂದ ಆಗಲ್ಲ. ತಂದೆಯಿಂದ ಬಂದಿದ್ದೆಷ್ಟು, ನೀವು ತಡೆದಿದ್ದೆಷ್ಟು ಅಂತ ರಕ್ತದಲ್ಲಿ ಬೇರೆ ಬೇರೆ ಕಾಣಲ್ಲ. ಮಾತ್ರೆ ಮಾತ್ರ ಇವತ್ತಿಂದಲೇ ಶುರು ಮಾಡಿ.”

ಕಣ್ಣಿನ ಡಾಕ್ಟರರು ಹನಿ ಹಾಕಿ ಒಳಗೆ ಇಣುಕಿ, ಅಲ್ಲಲ್ಲಿ ರಕ್ತದ ಸಣ್ಣ ಚುಕ್ಕೆಗಳು ಕಾಣುತ್ತಿವೆ ಎಂದರು. “ಈಗ ಹಿಡಿದರೆ ಇಲ್ಲಿಗೇ ನಿಲ್ಲಬಹುದು. ಬಿಟ್ಟರೆ ನಾನು ಮಾತು ಕೊಡಲ್ಲ.”

ಇಷ್ಟಾದ ಮೇಲೂ ಮಾವ ಮಾತ್ರೆ ನುಂಗಲಿಲ್ಲ. ಇನ್ನೂ ಹೆಚ್ಚು ನಡೆಯುತ್ತೇನೆ ಎಂದರು. ಚಹಾವನ್ನೇ ಬಿಟ್ಟರು. ಅತ್ತೆ ದಿನವೂ ಬೆಳಿಗ್ಗೆ ಮಾತ್ರೆಯ ಪಟ್ಟಿಯನ್ನು ಅವರ ಅಂಗಿಯ ಜೇಬಿಗೆ ಹಾಕುತ್ತಿದ್ದರು, ಸಂಜೆ ಒಂದೂ ಕಡಿಮೆಯಾಗದೆ ಅದು ವಾಪಸ್ ಬರುತ್ತಿತ್ತು. ಅತ್ತೆ ಅತ್ತರು, ಬೈದರು, ಒಂದು ದಿನ ಊಟದ ಡಬ್ಬಿಯನ್ನೇ ಕಳಿಸಲಿಲ್ಲ.

“ಯಾಕೆ ಮಾವ?” ಎಂದು ನಾನು ಕೇಳಿದೆ.

“ಇಷ್ಟು ವರ್ಷ ಅಕ್ಕನಿಗೆ ಏನೇನು ಅಂದಿದೀನಿ ಗೊತ್ತಾ ನಿಂಗೆ? ನೀನೂ ಅಲ್ಲೇ ಕೂತು ಕೇಳ್ತಿದ್ದೆಯಲ್ಲ. ಮಾತ್ರೆ ನುಂಗಿದ ದಿನ ನಾನು ಅಂದಿದ್ದೆಲ್ಲ ಸುಳ್ಳಾಗತ್ತೆ.” ಕತ್ತರಿಯನ್ನು ನನ್ನತ್ತ ತೋರಿಸಿ, “ಅವಳಿಗೇನಾದ್ರೂ ಹೇಳಿದೆಯೋ, ಜನ್ಮದಲ್ಲಿ ನಿನ್ನ ಪ್ಯಾಂಟಿಗೆ ಮಾರ್ಜಿನ್ ಬಿಡಲ್ಲ,” ಎಂದರು. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಬಾಯಿ ಮುಚ್ಚಿಕೊಂಡೆ.

ಅಮ್ಮನಿಗೆ ಯಾರೂ ಹೇಳಲಿಲ್ಲ. ಒಂದು ಭಾನುವಾರ ಮಾವ ನಮ್ಮ ಮನೆಗೆ ಬಂದಿದ್ದರು. ಬಿಸ್ಕತ್ತಿನ ವಿಷಯ ಎತ್ತದೆ ಸುಮ್ಮನೆ ಕೂತಿದ್ದರು. ಅಮ್ಮನಿಗೆ ಅದೇ ವಿಚಿತ್ರವಾಗಿ ಕಂಡಿರಬೇಕು. “ಏನೋ, ಇವತ್ತು ಬೈಯೋದಿಲ್ವಾ? ಮೈ ಹುಷಾರಿಲ್ವಾ? ಹೋಗ್ಲಿ, ಆ ಮೇಲಿನ ಡಬ್ಬಿ ಕೊಡು, ನನಗೆ ಎಟುಕಲ್ಲ,” ಎಂದಳು. ಮಾವ ನಮಗೆ ಬೆನ್ನು ಮಾಡಿ ಕೈ ಮೇಲೆತ್ತಿದರು.

“ಹಾಗೇ ನಿಲ್ಲು,” ಎಂದಳು ಅಮ್ಮ.

“ಯಾಕೆ?”

“ತಿರುಗಬೇಡ ಅಂದೆ.” ಅಮ್ಮ ಹತ್ತಿರ ಹೋಗಿ ಹಿಂದಿನ ಎರಡು ಜೇಬುಗಳ ನಡುವೆ ಬೆರಳಿಟ್ಟಳು. ಒಂದೇ ಬೆರಳು ಹಿಡಿಯಿತು. “ಇದನ್ನ ಯಾವಾಗ ಹಿಡಿಸಿದೆ?”

“ತೆಳ್ಳಗಾಗಿದೀನಲ್ಲ ಅಕ್ಕ. ಫಿಟ್ಟಿಂಗಿಗೆ.”

“ಅಪ್ಪನೂ ತೆಳ್ಳಗಾಗಿದ್ರು.”

ಮಾವ ಡಬ್ಬಿ ಹಿಡಿದುಕೊಂಡೇ ತಿರುಗಿದರು. “ಅಪ್ಪನಾ? ಅಪ್ಪ ಯಾವಾಗ ತೆಳ್ಳಗಿದ್ರು?”

“ಕಣ್ಣು ಹೋಗೋ ಮುಂಚೆ. ನಿನಗೆ ಅವರ ಹೊಟ್ಟೆ ಮಾತ್ರ ನೆನಪಿದೆ. ನೀನು ಬೆಳಿಗ್ಗೆ ದಾರ ಪೋಣಿಸಿ ಶಾಲೆಗೆ ಓಡ್ತಿದ್ದೆ. ಅವರ ಪ್ಯಾಂಟು ಹಿಡಿಸಿದ್ದು ಯಾರು? ನಾನು. ಒಂದು ಸಲ ಹಿಡಿಸಿದೆ, ಮತ್ತೆ ಜಾರತೊಡಗಿತು, ಮತ್ತೆ ಹಿಡಿಸಿದೆ. ಜೇಬೆರಡೂ ಹೀಗೇ ಬಂದುಬಿಟ್ಟಿದ್ವು. ಆಗ ಅಪ್ಪ ಏನಂದ್ರು ಗೊತ್ತಾ? ‘ನೋಡೇ, ಹುಡುಗನ ಹಾಗಾಗಿದೀನಿ’ ಅಂದ್ರು.”

ಮಾವ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟರು. ನಾನು ಅವರ ಮುಖ ನೋಡಲಿಲ್ಲ, ನಲ್ಲಿಯನ್ನು ನೋಡಿದೆ.

“ಡಾಕ್ಟರ ಹತ್ರ ಹೋಗಿದ್ಯಾ?”

“ಹೂಂ.”

“ಮಾತ್ರೆ ಕೊಟ್ಟಿದಾರಾ?”

ಮಾವ ಅಂಗಿಯ ಜೇಬು ಮುಟ್ಟಿಕೊಂಡರು. ಅಮ್ಮ ತಾನೇ ಕೈಹಾಕಿ ತೆಗೆದಳು. ಒಂದೂ ಒಡೆಯದ ಪಟ್ಟಿಯನ್ನು ತಿರುಗಿಸಿ ನೋಡಿ, ತಮ್ಮನ ಮುಖ ನೋಡಿ, ಎಲ್ಲ ಅರ್ಥವಾದವಳ ಹಾಗೆ ನಿಟ್ಟುಸಿರು ಬಿಟ್ಟಳು.

“ಅಕ್ಕ, ನಿನಗೆ ನಾನು ಅಂದಿದ್ದೆಲ್ಲ...”

“ಅಂದಿದ್ದೆಲ್ಲ ಜ್ಞಾಪಕ ಇದೆ. ಪುರುಸೊತ್ತಿನಲ್ಲಿ ಒಂದೊಂದೇ ವಾಪಸ್ ಕೊಡ್ತೀನಿ, ನೀನು ಬದುಕಿರಬೇಕಲ್ಲ ಅದಕ್ಕೆ.” ಲೋಟಕ್ಕೆ ನೀರು ಬಗ್ಗಿಸುತ್ತಾ, “ನಂದು ನಾಲಿಗೆ, ನಿಂದು ಜಂಬ. ಅಪ್ಪನ ಹತ್ರ ಎರಡೂ ಇತ್ತು. ತಿಂದಿದ್ದು ಅವರನ್ನ ಅಷ್ಟು ಕೆಡಿಸಲಿಲ್ಲ ಕಣೋ, ನನಗೇನಾಗಿದೆ ಅಂತ ಡಾಕ್ಟರ ಹತ್ರ ಹೋಗದೇ ಇದ್ದರಲ್ಲ, ಅದು ಕೆಡಿಸ್ತು. ಊಟ ಮಾಡು ಮೊದಲು, ಆಮೇಲೆ ನುಂಗು,” ಎಂದಳು.

ಮಾವ ಊಟ ಮಾಡಿದರು. ನುಂಗಿದರು. ನೀರಿನ ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡು, ಮಾತ್ರೆ ಬಹಳ ದೊಡ್ಡದು ಎಂದರು. ಅದು ಅಷ್ಟೇನೂ ದೊಡ್ಡದಿರಲಿಲ್ಲ.

ಈಗ ಅಕ್ಕ ತಮ್ಮ ಬೆಳಿಗ್ಗೆ ಒಟ್ಟಿಗೆ ನಡೆಯಲು ಹೋಗುತ್ತಾರೆ. ಮಾವ ಮುಂದೆ, ಅಮ್ಮ ಹಿಂದೆ, ನಾನು ಬೆಂಚಿನ ಮೇಲೆ. ಅಮ್ಮ ಬಿಸ್ಕತ್ತು ಪೂರ್ತಿ ಬಿಟ್ಟಿಲ್ಲ, ಅರ್ಧಕ್ಕೆ ಇಳಿದಿದ್ದಾಳೆ. ಉಳಿದರ್ಧ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಮಾವನ ಕಣ್ಣಿನ ಚುಕ್ಕೆಗಳು ಹೆಚ್ಚಾಗಿಲ್ಲ, ಹೋಗಿಯೂ ಇಲ್ಲ. ಮಂಜು ಮಾತ್ರ ಕೆಲವು ವಾರಗಳಲ್ಲಿ ಸರಿಯಿತು.

ಸಕ್ಕರೆ ಹತೋಟಿಗೆ ಬಂದಂತೆ ಮೈ ತುಂಬಿಕೊಂಡಿತು. ಕಪ್ಪು ಪ್ಯಾಂಟು ಬಿಗಿಯಾಯಿತು. ಹಿಂದಿನ ಹೊಲಿಗೆ ಬಿಚ್ಚಿದರೆ ಸಡಿಲ ಮಾಡಲು ಒಳಗೆ ಬಟ್ಟೆಯೇ ಇಲ್ಲ. ಕತ್ತರಿಸಿದ ತುಂಡಿಗಾಗಿ ಮೇಜಿನ ಕೆಳಗಿನ ಚೀಲವನ್ನೆಲ್ಲ ಕೆದಕಿದರು, ಸಿಗಲಿಲ್ಲ. ಕೊನೆಗೆ ವಕೀಲರ ಕೋಟು ಹೊಲಿದು ಉಳಿದಿದ್ದ ಕಪ್ಪು ಬಟ್ಟೆಯ ಒಂದು ಪಟ್ಟಿಯನ್ನು ನಡುವೆ ಸೇರಿಸಿ ಹೊಲಿದರು. ನಾನು ಸೂಜಿಗೆ ಕೈ ಚಾಚಿದೆ. “ದೂರ ಕೂರೋ,” ಎಂದು ತಾವೇ ಪೋಣಿಸಿಕೊಂಡರು. ಮೂರನೆಯ ಯತ್ನಕ್ಕೆ ದಾರ ಹೋಯಿತು.

ಮುಗಿಸಿ, ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದರು. ಅಷ್ಟರಲ್ಲಿ ಅಮ್ಮನೂ ಅಂಗಡಿಗೆ ಬಂದಿದ್ದಳು. ಹಳೆಯ ಪ್ಯಾಂಟಿನ ಕಪ್ಪು ಒಗೆದೊಗೆದು ಮಾಸಿತ್ತು, ಪಟ್ಟಿಯ ಕಪ್ಪು ಹೊಚ್ಚಹೊಸದು. ಬೆನ್ನ ಕೆಳಗೆ ನಡುವಿನಲ್ಲಿ ನೆಟ್ಟಗೆ ಒಂದು ರಸ್ತೆ ಹಾಕಿದ ಹಾಗಿತ್ತು. ಜೇಬುಗಳು ಮತ್ತೆ ತಮ್ಮ ತಮ್ಮ ಜಾಗಕ್ಕೆ ಹೋಗಿದ್ದವು.

“ಅಯ್ಯೋ, ಇದೇನೋ! ಒಂದಕ್ಕೊಂದು ಬಣ್ಣ ಕೂಡಲೇ ಇಲ್ಲ,” ಎಂದಳು ಅಮ್ಮ. “ದರ್ಜಿ ಅಂತ ಬೋರ್ಡು ಹಾಕ್ಕೊಂಡು ಇದನ್ನ ಹಾಕ್ಕೊಂಡು ಬೀದೀಲಿ ಹೋಗ್ತೀಯಾ?”

ಮಾವ ಪರದೆ ಸರಿಸಿ, ಕತ್ತು ತಿರುಗಿಸಿ ಕನ್ನಡಿಯಲ್ಲಿ ಹಿಂದಕ್ಕೆ ನೋಡಿಕೊಂಡರು. ಎಡಕ್ಕೆ ವಾಲಿ ನೋಡಿದರು, ಬಲಕ್ಕೆ ವಾಲಿ ನೋಡಿದರು.

“ಹೌದು ಅಕ್ಕ, ಕೂಡಿಲ್ಲ,” ಎಂದರು. “ನನಗೂ ಕಾಣ್ತಿದೆ.”

ಆ ಪ್ಯಾಂಟನ್ನು ಅವರು ಈಗಲೂ ಹಾಕಿಕೊಳ್ಳುತ್ತಾರೆ.